ಅತ್ತೆಯ ಹೆಗಲ ಮೇಲಿನ ಕೈ

ಅಂದು ಬೆಳಿಗ್ಗೆಯೂ ನಲ್ಲಿಯ ಸದ್ದಿಗೆ ಎದ್ದು ಡ್ರಮ್ಮು ತುಂಬಿಸಿದೆ, ಹಾಲು ಕಾಯಿಸಿದೆ, ಬೇಸಿನ್ನಿನ ಪಕ್ಕದ ಲೋಟದ ನೀರು ಬದಲಿಸಿದೆ. ಆ ಲೋಟದಲ್ಲಿ ಅತ್ತೆಯ ಹಲ್ಲಿನ ಸೆಟ್ಟಿದೆ. ಅತ್ತೆ ತೀರಿಕೊಂಡು ಇಷ್ಟು ದಿನವಾದರೂ ಅದನ್ನು ಬಿಸಾಡುವ ಧೈರ್ಯ ಮುಂಬೈ ಭಾಂಡುಪಿನ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ. ನೀರು ಬದಲಿಸದಿದ್ದರೆ ಬೈದಾರೆಂಬ ಹೆದರಿಕೆ ನನಗಂತೂ ಇನ್ನೂ ಹೋಗಿಲ್ಲ.

ಮರುದಿನ ಹದಿಮೂರನೆಯ ದಿನದ ಊಟ. ಹಾರ ಹಾಕಲು ಫೋಟೋ ಬೇಕಿತ್ತು. ಆಧಾರ್ ಕಾರ್ಡಿನಲ್ಲಿ ಅತ್ತೆ ಏನೋ ಕದ್ದು ಸಿಕ್ಕಿಬಿದ್ದವರಂತಿದ್ದಾರೆ. ಮದುವೆಮನೆಯ ಫೋಟೋಗಳಲ್ಲೆಲ್ಲ ಕಣ್ಣು ಮುಚ್ಚಿದ್ದಾರೆ. ಈ ಕೆಲಸಕ್ಕೆ ಅದು ತೀರಾ ಹೊಂದಿಬಿಡುತ್ತದೆ. ಅವರು ನಕ್ಕಿರುವುದು ಒಂದರಲ್ಲಿ ಮಾತ್ರ. ಬಿಲ್ಡಿಂಗಿನ ಕೆಳಗಿನ ಬೆಂಚಿನ ಮೇಲೆ, ಹಲ್ಲಿನ ಸೆಟ್ಟಿಲ್ಲದೆ, ಎದುರುಮನೆಯ ಗಂಗಕ್ಕನ ಜೊತೆ. ಗಂಗಕ್ಕ ಧಾರವಾಡದವರು. ಉಡುಪಿಯ ನಮ್ಮ ಅತ್ತೆಗೆ ಅವರ ಮಾತು ಅರ್ಧ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧಕ್ಕೇ ಅಷ್ಟು ನಗು.

"ಅದು ಬೇಡ ಮಾರಾಯ್ತಿ," ಎಂದರು ನಮ್ಮವರು. "ಬದುಕಿರುವವರ ಫೋಟೋಕ್ಕೆ ಹಾರ ಹಾಕಿದರೆ ಆಯುಷ್ಯ ಕಮ್ಮಿ ಆಗ್ತದೆ. ಗಂಗಕ್ಕನಿಗೆ ಮೊದಲೇ ಬಿ.ಪಿ."

ನನಗೋ ಅತ್ತೆ ಗೋಡೆಯ ಮೇಲಾದರೂ ನಗುತ್ತಿರಬೇಕು. ಅಂಧೇರಿಯ ಆಫೀಸಿಗೆ ಹೊರಟಿದ್ದ ಮಗಳ ಹಳೆಯ ಲ್ಯಾಪ್‌ಟಾಪ್ ತೆರೆದು, ಫೋಟೋದಿಂದ ಗಂಗಕ್ಕನನ್ನು ತೆಗೆಯುವುದು ಹೇಗೆಂದು ಕೇಳಲು ಅವಳಿಗೇ ಫೋನ್ ಮಾಡಿದೆ. "ಮಮ್ಮಾ, ಫೋಟೋ ಕಟ್ ಮಾಡ್ಬೇಡ," ಎಂದಳು ಲೋಕಲ್ ರೈಲಿನ ಗದ್ದಲದ ನಡುವೆ. "ಅಜ್ಜಿ ಸುತ್ತ ಮೊಟ್ಟೆ ಶೇಪ್ ತಗೋ, ಫೋಟೋಗೆ ಮಾಸ್ಕ್ ಹಾಕು. ಬ್ಲ್ಯಾಕ್ ಬ್ರಶ್ ಮತ್ಲಬ್ ಹೈಡ್, ವೈಟ್ ಮತ್ಲಬ್ ವಾಪಸ್. ಎಡ್ಜ್ ಸಾಫ್ಟ್ ಇಡು, ಬಸ್."

ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಗೆರೆ ದಾಟದೆ ಬಣ್ಣ ತುಂಬುವುದನ್ನು ಕಲಿಸಿದ್ದರು. ಇಲ್ಲಿ ಗೆರೆಯೇ ಇರಬಾರದು, ಅಂಚು ಊದುಬತ್ತಿಯ ಹೊಗೆಯಂತೆ ಕರಗಬೇಕು. ಹೇಗೋ ಕೈ ಕುದುರಿತು. ಗಂಗಕ್ಕನ ಮುಖ ಹೋಯಿತು, ಇಳಕಲ್ ಸೀರೆ ಹೋಯಿತು, ತರಕಾರಿ ಚೀಲವೂ ಹೋಯಿತು. ಉಳಿದದ್ದು ಅವರ ಒಂದು ಕೈ. ಹಸಿರು ಬಳೆ ತೊಟ್ಟು ಅತ್ತೆಯ ಹೆಗಲ ಮೇಲೆ ಗಟ್ಟಿಯಾಗಿ ಕೂತಿತ್ತು. ಕಪ್ಪು ಬಳಿದರೆ ಕೈಯ ಜೊತೆ ಹೆಗಲೂ ಮಾಯವಾಗಿ ಅತ್ತೆಗೆ ತೂತು ಬೀಳುತ್ತಿತ್ತು. ಬಿಳಿ ಬಳಿದರೆ ಹೆಗಲು ಬರುತ್ತಿತ್ತು, ಬಳೆಯ ಸಮೇತ ಕೈಯೂ ಬರುತ್ತಿತ್ತು. ಮಾಸ್ಕ್ ಏನನ್ನೂ ಅಳಿಸುವುದಿಲ್ಲ, ಬರೀ ಮುಚ್ಚುತ್ತದೆ. ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕಿ ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಎದುರುಮನೆಯಲ್ಲಿ ಗಂಗಕ್ಕನ ಕುಕ್ಕರ್ ಕೂಗುತ್ತಿತ್ತು. ಇಲ್ಲಿ ನಾನು, ಅವರು ಸಾಯದಿರಲಿ ಎಂದು ಅವರನ್ನೇ ಇಂಚಿಂಚಾಗಿ ಇಲ್ಲವಾಗಿಸುತ್ತ ಕೂತಿದ್ದೆ.

ಕೊನೆಗೆ ಸೋತು, ಕೈಯನ್ನು ಹಾರ ಮುಚ್ಚಿಕೊಳ್ಳಲಿ ಎಂದು ಹಾಗೆಯೇ ಪ್ರಿಂಟಿಗೆ ಕಳಿಸಿದೆ. ಸಂಜೆ ನಮ್ಮವರು ಘಾಟ್ಕೋಪರಿನಿಂದ ಫ್ರೇಮು ಹಾಕಿಸಿ ತಂದರು. ಅಳತೆ ನೋಡಲೆಂದು ಮಲ್ಲಿಗೆ ಹಾರ ಹಾಕಿದೆ. ಸರಿಯಾಗಿ ಕೈಯ ಮೇಲೇ ಕೂತಿತು. ಆಗಲೇ ನನಗೆ ಹೊಳೆದದ್ದು: ಬದುಕಿರುವವರಿಗೆ ಹಾರ ಹಾಕಬಾರದೆಂದು ದಿನವಿಡೀ ಒದ್ದಾಡಿ, ಕೊನೆಗೆ ಹುಡುಕಿ ಹುಡುಕಿ ಗಂಗಕ್ಕನ ಕೈಗೇ ಹಾಕಿದ್ದೆ.

ತೆಗೆಯೋಣವೆಂದು ಕೈಚಾಚುವಷ್ಟರಲ್ಲಿ ಗಂಗಕ್ಕನೇ ಒಳಗೆ ಬಂದರು. ನಾನು ಫೋಟೋಕ್ಕೆ ಅಡ್ಡ ನಿಂತೆ. ಮರೆಮಾಡುವುದರಲ್ಲಿ ನನ್ನ ಕೈಗುಣ ಎಂಥದ್ದೆಂದು ಅಂದು ಆಗಲೇ ತಿಳಿದಿತ್ತು. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿದರು.

"ಹಾರ ಚೂರು ಮ್ಯಾಲೆ ಸರಿಸು ತಂಗಿ," ಎಂದರು, ಸಾರಿಗೆ ಉಪ್ಪು ಸಾಲದು ಎನ್ನುವ ದನಿಯಲ್ಲಿ. "ನನ್ನ ಕೈ ಮುಚ್ಚೇತಿ."