ಬೀದರಿನಿಂದ ಬ್ರೆಜಿಲ್‌ಗೆ

ಮೂವರು ಸೇರಿ ಜಗತ್ತು ಗೆಲ್ಲಲು ಕುಳಿತರೆ ಇಂಥವು ಆಗುತ್ತಲೇ ಇರುತ್ತವೆ. ಆಟ ಹಳೆಯದು: ಕಂಪ್ಯೂಟರಿನ ಮೇಲೆ ಭೂಪಟ, ಸೈನ್ಯ, ದಾಳ. ನಾಲ್ಕು ಖಂಡ ಹಿಡಿದವನು ಗೆದ್ದ, ಇದು ನಮ್ಮ ಕರಾರು. ಬೀದರಿನಲ್ಲಿ ನಾನು, ಔರಾದದಲ್ಲಿ ಬಿ.ಎಸ್ಸಿ. ಗೆಳೆಯ, ಭಾಲ್ಕಿಯಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಿದ ಸರ್. ಪ್ರತಿ ಭಾನುವಾರ ಅವರವರ ಮನೆಯಿಂದಲೇ ಆಟ, ಫೋನಿನಲ್ಲಿ ಮಾತು. ನಾನು ಊರ ಪಕ್ಕದ ಕೊಳಾರದ ಒಂದು ಕಾರ್ಖಾನೆಯ ಲ್ಯಾಬಿನವನು; ಪ್ರತಿ ಆಟದ ನಂತರ ನೋಟ್‌ಬುಕ್ಕಿನಲ್ಲಿ ‘ಸೋಲಿಗೆ ಕಾರಣ’ ಎಂದು ಬರೆದಿಡುತ್ತೇನೆ. ಒಂದು ವರ್ಷವಾಯಿತು, ಕಾರಣಗಳಿಗೆ ಕೊರತೆಯಿಲ್ಲ. ಒಮ್ಮೆಯಾದರೂ ಗೆಲ್ಲಬೇಕು, ಅಷ್ಟೇ ಆಸೆ.

೧. ಗುರುಭಕ್ತಿ

ಮೊದಲ ಭಾನುವಾರ ಗೆಳೆಯನ ಸೈನ್ಯ ಸರ್ ಅವರ ಚೀನಾದ ಮುಂದೆ ಬಂದು ನಿಂತುಬಿಟ್ಟಿತು.

“ಸರ್, ನಿಮ್ಮ ಮ್ಯಾಲ ಹ್ಯಾಂಗ ಯುದ್ಧ ಮಾಡ್ಲಿರಿ?”

“ಮಾಡಪಾ, ಅಂಜಬ್ಯಾಡ. ಇಂಟರ್ನಲ್ ಮಾರ್ಕ್ಸ್ ಕೊಟ್ಟು ನಾಲ್ಕು ವರ್ಷ ಆಯ್ತು.”

೨. ಮೇವು

ಗೆಳೆಯನದು ಕುರಿ ಸಾಕುವ ಮನೆ. ಒಮ್ಮೆ ಅವನ ತಂದೆ ಪಕ್ಕದಲ್ಲಿ ಬಂದು ಕುಳಿತದ್ದು ಫೋನಿನಲ್ಲೇ ತಿಳಿಯಿತು.

“ಈ ದೊಡ್ಡ ಹಸರು ಜಾಗ ಯಾರ್ದು?”

“ನಂದೇ ಅಪ್ಪಾ. ಸೈಬೀರಿಯಾ.”

“ಮೇವು ಅದ ಏನು?”

“ಇಲ್ಲ, ಬರೇ ಬರ್ಫ್.”

“ಮತ್ಯಾಕ ಹಿಡದಿ?”

ಹತ್ತು ನಿಮಿಷ ಗೆಳೆಯನ ಸೈನ್ಯ ಕದಲಲಿಲ್ಲ.

೩. ಬರ್ತೇನಿ

ಹೋದ ಭಾನುವಾರ ನನ್ನ ಕೈಯಲ್ಲಿ ಮೂರು ಖಂಡ. ನಾಲ್ಕನೆಯದು ದಕ್ಷಿಣ ಅಮೆರಿಕ, ಗೆಳೆಯನದು. ಅದರ ಬಾಗಿಲು ಬ್ರೆಜಿಲ್. ಈಗ ಅವನ ಸರದಿ. ಹೊಸ ಸೈನ್ಯವನ್ನು ಅವನು ಬ್ರೆಜಿಲ್‌ಗೆ ಹಾಕಿದರೆ ನನ್ನ ಕಥೆ ಮುಗಿಯಿತು. ಅವನಿಗೂ ಅದು ಗೊತ್ತಿತ್ತು.

“ಲೇ, ಎಲ್ಲಾ ಬ್ರೆಜಿಲ್‌ಗೇ ಇಡ್ಲತ್ತೀನಿ, ನೋಡ್ಕೋ.”

ಅಷ್ಟರಲ್ಲಿ ಭಾಲ್ಕಿಯಿಂದ ಸರ್ ಅಂದರು, “ನಾ ಬರ್ತೇನಪಾ.”

“ಯಪ್ಪಾ! ಸರ್ ಸೈಬೀರಿಯಾಕ್ಕ ಬರ್ಲತ್ತಾರ!” ಗೆಳೆಯ ಹೊಸ ಸೈನ್ಯವನ್ನೆಲ್ಲ ಚೀನಾದ ಗಡಿಗೆ ಸುರಿದ.

ನನ್ನ ಸರದಿ. ಬ್ರೆಜಿಲ್ ಬಿತ್ತು. ಅದರ ಹಿಂದೆಯೇ ಇಡೀ ಖಂಡ.

ಸರ್ ಅರ್ಧ ಗಂಟೆ ಬಿಟ್ಟು ತೇಗುತ್ತ ಮರಳಿದರು.

“ಬರ್ತೇನಿ ಅಂದ್ರಿ, ಬರ್ಲೇ ಇಲ್ಲಲ್ರಿ ಸರ್!” ಗೆಳೆಯ ಅಳುವುದೊಂದು ಬಾಕಿ.

“ಉಣ್ಣಾಕ ಏಳೋವಾಗ ಯಾರರ ಹೋಗ್ತೇನಿ ಅಂತಾರೇನೋ, ಹುಚ್ಚಪ್ಪಾ?”

ನೋಟ್‌ಬುಕ್ಕಿನಲ್ಲಿ ‘ಸೋಲಿಗೆ’ ಎಂಬುದನ್ನು ಹೊಡೆದು ‘ಗೆಲುವಿಗೆ’ ಎಂದು ತಿದ್ದಿದೆ. ಕಾರಣ: ಸರ್ ಮನೆಯಲ್ಲಿ ಬಿಸಿ ರೊಟ್ಟಿ.