ಗದ್ವಾಲದ ಬೀಗರೂ ನನ್ನ ತೆಲುಗೂ

ನನಗೆ ತೆಲುಗು ಬರುತ್ತದೆ. ರಾಯಚೂರಿನಲ್ಲಿ ಹುಟ್ಟಿ, ಚಿಕ್ಕಂದಿನಿಂದ ತೆಲುಗು ಸಿನಿಮಾ ನೋಡಿದ ಯಾರಿಗೆ ತಾನೇ ಬರುವುದಿಲ್ಲ? ಆದ್ದರಿಂದ ನನ್ನ ಮಗಳು ಸುಜಾತಾಳನ್ನು ನೋಡಲು ತೆಲಂಗಾಣದ ಗದ್ವಾಲದಿಂದ ಹುಡುಗನ ತಂದೆ-ತಾಯಿ ಬರುತ್ತಾರೆ ಎಂದಾಗ, ದುಭಾಷಿಯ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ. ಹುಡುಗ ಇಲ್ಲೇ ಬ್ಯಾಂಕಿನಲ್ಲಿದ್ದಾನೆ. ಇಬ್ಬರೂ ಆಗಲೇ ಮೆಚ್ಚಿಕೊಂಡಿದ್ದರು. ಹಿರಿಯರು ಹೂಂ ಅನ್ನುವುದೊಂದೇ ಬಾಕಿ.

"ಯಪ್ಪಾ, ನೀ ಜಾಸ್ತಿ ಮಾತಾಡಬ್ಯಾಡ," ಎಂದು ಸುಜಾತಾ ಕೈ ಮುಗಿದಳು.

ಹಿಂದಿನ ದಿನ ಮನೆಯವರನ್ನು ಕೂರಿಸಿ ತೆಲುಗರ ಕುರಿತು ಉಪನ್ಯಾಸ ಕೊಟ್ಟೆ. ಅವರ ಲಿಪಿ ನಮ್ಮ ಲಿಪಿಗೆ ಅಕ್ಕತಂಗಿ, ತಲೆಕಟ್ಟು ಮಾತ್ರ ಬೇರೆ. ಕರಾವಳಿಯ ತೆಲುಗು ಒಂದು, ರಾಯಲಸೀಮೆಯದು ಇನ್ನೊಂದು; ತೆಲಂಗಾಣದ್ದರಲ್ಲಿ ನಮ್ಮದರಂತೆಯೇ ಉರ್ದು ಹೇರಳ. ಹೆಸರಿಗೆ 'ಗಾರು' ಸೇರಿಸದೆ ಕರೆಯಬಾರದು. ಎಲ್ಲಕ್ಕಿಂತ ಮುಖ್ಯ, ಖಾರ!

"ಅವರಿಗೆ ಕನ್ನಡ ಬರ್ತದೋ ಏನೋ, ಮೊದಲು ಕೇಳ್ರಿ," ಎಂದಳು ನನ್ನ ಹೆಂಡತಿ ಮಲ್ಲಮ್ಮ. ಅವಳು ದೇವದುರ್ಗದವಳು, ನನ್ನಷ್ಟು ತೆಲುಗು ಸಿನಿಮಾ ನೋಡಿದವಳಲ್ಲ.

"ಅಚ್ಚ ತೆಲುಗರು ಅದಾರ. ನಿನಗ ತಿಳಿಯಂಗಿಲ್ಲ, ಸುಮ್ನಿರು!"

ಅವರು ಬಂದರು. ಸ್ವಾಗತಿಸಲು ಬಾಯಿ ತೆರೆದೆ. ಸಿನಿಮಾದಲ್ಲಿ ಕಲಿತ ತೆಲುಗಿನಲ್ಲಿ 'ಮನೆ' ಮತ್ತು 'ಬರುವುದು' ಎರಡೂ ಇದ್ದ ವಾಕ್ಯ ನನಗೆ ಒಂದೇ ಗೊತ್ತಿತ್ತು. "ನಾ ಇಂಟಿಕೇ ವಸ್ತಾರಾ? ಎಂತ ಧೈರ್ಯಂ!" ಎಂದೆ. ಅಂದರೆ, ನನ್ನ ಮನೆಗೇ ಬರುತ್ತೀರಾ, ಎಷ್ಟು ಧೈರ್ಯ! ಹುಡುಗನ ತಂದೆ ಹೊಸ್ತಿಲಲ್ಲೇ ನಿಂತುಬಿಟ್ಟರು. ಮಲ್ಲಮ್ಮ ನೀರಿನ ಚೊಂಬು ಮುಂದೆ ಹಿಡಿದು ಹೇಗೋ ಒಳಗೆ ಕರೆತಂದಳು.

ಊಟಕ್ಕೆ ಪುಂಡಿಪಲ್ಯ, ನನ್ನ ಅಪ್ಪಣೆಯಂತೆ ಎರಡು ಪಟ್ಟು ಖಾರ. ಹುಡುಗನ ತಂದೆಯ ಕಣ್ಣಲ್ಲಿ ನೀರು ಇಳಿಯಿತು. ನಾನು ಗೆಲುವಿನಿಂದ ಮಲ್ಲಮ್ಮನ ಕಡೆ ಬಾಗಿ ಕನ್ನಡದಲ್ಲಿ ಹೇಳಿದೆ: "ನೋಡಿದೇನು, ಎಷ್ಟು ಖುಷಿಲೆ ತಿನ್ನಾಕತ್ತಾರ! ಆಯಮ್ಮಂತೂ ಮೂರನೇ ಸಲ ಅನ್ನ ಹಾಕಿಸ್ಕೊಂಡ್ಳು. ಇಂಥಾ ಮನಿಗೆ ಕೊಟ್ರ ನಮ್ಮ ಹುಡುಗಿ ಅಡಗಿ ಮಾಡೇ ಸವೀತಾಳ."

ಹುಡುಗನ ತಾಯಿ ಕೈ ನಿಲ್ಲಿಸಿದರು. "ಮೂರನೇ ಸಲ ಅಲ್ರಿ ಅಣ್ಣಾರೆ, ಎರಡನೇ ಸಲ. ಖಾರ ತಡಿಲಾರದಕ್ಕ ಬರೇ ಅನ್ನ ತಿನ್ನಾಕತ್ತೀನಿ."

ಅಚ್ಚ ರಾಯಚೂರು ಕನ್ನಡ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಪ್ರತಿ ವರ್ಷ ಹತ್ತಿ ಮಾರಾಕ ರಾಯಚೂರಿನ ಗಂಜ್ ಮಾರ್ಕೆಟ್ಟಿಗೇ ಬರ್ತೀವ್ರಿ," ಎಂದರು ಹುಡುಗನ ತಂದೆ, ಮೂಗು ಒರೆಸಿಕೊಳ್ಳುತ್ತ. "ಕನ್ನಡ ಬರಲಿಲ್ಲಂದ್ರ ವ್ಯಾಪಾರ ಹೆಂಗ ಆಗ್ತದ?"

"ಮತ್ತ ಮೊದಲೇ ಹೇಳಬಾರದಾಗಿತ್ತೇನ್ರಿ?"

"ನೀವು ಪಾಪ, ಕಷ್ಟಪಟ್ಟು ತೆಲುಗು ಮಾತಾಡಾಕತ್ತಿದ್ರಿ. ನಡುವ ತಡಿಯೋದು ಮರ್ಯಾದಿ ಅಲ್ಲಂತ ಸುಮ್ನಿದ್ವಿ."

ಹೂಂ ಅನ್ನದೆ, ಊಹೂಂ ಅನ್ನದೆ ಎದ್ದು ಹೋದರು. ಹತ್ತು ದಿನ ಫೋನಿಲ್ಲ. ಸುಜಾತಾ ನನ್ನ ಜೊತೆ ಮಾತು ಬಿಟ್ಟಳು, ಆಮೇಲೆ ಊಟವನ್ನೂ ಅರೆಬರೆ ಬಿಟ್ಟಳು. ಮುದ್ದಿನಿಂದ ಬೆಳೆಸಿದ ಮಗಳ ಬಾಳಿಗೆ ನನ್ನ ನಾಲಿಗೆಯಿಂದಲೇ ಕೊಳ್ಳಿ ಇಟ್ಟೆನಲ್ಲ ಎಂದು ಒಬ್ಬನೇ ಕೂತು ಅತ್ತೆ. ಇದು ಹಾಸ್ಯವಲ್ಲ, ನಿಜವಾಗಿ ಅತ್ತೆ.

ಹನ್ನೊಂದನೆಯ ದಿನ ಮಲ್ಲಮ್ಮನಿಗೆ ಫೋನ್ ಬಂತು. ಹುಡುಗಿ ಒಪ್ಪಿಗೆಯಂತೆ! ಆದರೆ ಮಾತುಕತೆ ಮಾನ್ವಿಯಲ್ಲಿ, ಮಲ್ಲಮ್ಮನ ತಮ್ಮನ ಮನೆಯಲ್ಲಿ ಆಗಬೇಕಂತೆ. ನಮ್ಮ ಕಡೆಯಿಂದ ಅವನೇ ಮಾತನಾಡಬೇಕಂತೆ. ಅವನಿಗೆ ತೆಲುಗಿನ ಒಂದಕ್ಷರವೂ ಬರುವುದಿಲ್ಲ. ಅದೇ ಅವನ ಅರ್ಹತೆಯಂತೆ!

"ಮತ್ತ ನಾನು?" ಎಂದೆ.

"ನೀವು ಹುಡುಗಿ ಅಪ್ಪ ಅದೀರಿ. ಎಲಿ-ಅಡಕಿ ಬಾಯಾಗ ಹಾಕ್ಕೊಂಡು ಕುಂದರ್ರಿ. ಬಾಯಿ ತುಂಬ ಹಾಕ್ಕೊರಿ."

ಹಾಕಿಕೊಂಡೆ. ಮಾತುಕತೆ ಮುಗಿಯುವವರೆಗೆ ಉಗುಳಲೂ ಏಳಲಿಲ್ಲ.