ಎಕನಾಮಿಕ್ಸಿಗೊಂದು ಜೋಡಿ

ನನ್ನ ನಾದಿನಿಯನ್ನು ಕಂಡರೆ ಪುಣೆಯ ನಮ್ಮ ಬಿಬವೇವಾಡಿಯ ಹಲ್ಲಿನ ಡಾಕ್ಟರುಗಳೆಲ್ಲ ಶಟರ್ ಎಳೆಯುತ್ತಾರೆ. ಉತ್ಪ್ರೇಕ್ಷೆ ಅನ್ನುತ್ತೀರಾ? ಸ್ವಲ್ಪ ಮಾತ್ರ! ಒಂದು ಹಲ್ಲು ಕೀಳಿಸಬೇಕಾದಾಗ ಅವರು ಕ್ಲಿನಿಕ್ಕಿನ ಹೊರಗೆ ನಿಂತು, ಹೊರಬಂದ ಪೇಷಂಟುಗಳಿಗೆಲ್ಲ ಮರಾಠಿಯಲ್ಲಿ ಬಾಯಿ ತೆರೆಯಲು ಹೇಳಿ, ಒಳಗೆ ಇಣುಕಿ ನೋಡಿದವರು. ಮೈ ಗಾಡ್! ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಮ್ಯಾನರ್ಸ್ ಕಲಿತ ನಾನು ಎದುರಿನ ಔಷಧಿ ಅಂಗಡಿಯಲ್ಲಿ ಅಡಗಿ ನಿಂತಿದ್ದೆ.

ಅವರ ಸಿದ್ಧಾಂತ ಸರಳ. ಮಾರುವವನನ್ನು ಕೇಳಬಾರದು, ಅದರ ಜೊತೆ ಬಾಳ್ವೆ ಮಾಡಿದವರನ್ನು ಕೇಳಬೇಕು. ಮಿಕ್ಸರ್ ಕೊಳ್ಳುವ ಮೊದಲು ಅದೇ ಮಿಕ್ಸರ್ ಇರುವ ಮನೆ ಹುಡುಕಿ, ಗುರುತಿಲ್ಲದ ಗೃಹಿಣಿಯೊಬ್ಬಳನ್ನು ವಿಚಾರಿಸಲು ಹೋಗಿದ್ದರು. ಆಕೆ ಮಿಕ್ಸರ್ ಬಿಟ್ಟು ಗಂಡನ ಸುದ್ದಿ ತೆಗೆದು ಮಧ್ಯಾಹ್ನವಿಡೀ ಅತ್ತಳಂತೆ. ಮಿಕ್ಸರ್ ಮಾತ್ರ ಒಳ್ಳೆಯದಂತೆ!

ನಾದಿನಿ ಎಂದರೆ ನನ್ನ ಗಂಡನ ಅಕ್ಕ. ಮದುವೆಯಾಗಲಿಲ್ಲ. ಖಡಕಿಯ ಒಂದು ಸರಕಾರಿ ಆಫೀಸಿನಲ್ಲಿ ಕ್ಲಾರ್ಕ್ ಆಗಿ ರಿಟೈರ್ ಆದವರು, ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದಾರೆ. ಓದಿದ್ದು ಹೋಮ್ ಸೈನ್ಸ್. ಆದರೆ ಅವರು ಲಟ್ಟಿಸಿದ ಚಪಾತಿಗೆ ಇವತ್ತಿಗೂ ಮೂಲೆಗಳಿರುತ್ತವೆ.

ಇಂಥವರ ಕೈಗೆ ಈ ವರ್ಷ ನನ್ನ ಮೊಮ್ಮಗಳ ಭವಿಷ್ಯ ಸಿಕ್ಕಿತು. ಹುಡುಗಿಗೆ ಎಕನಾಮಿಕ್ಸ್ ಎಂದರೆ ಪ್ರಾಣ. ಅದು ಸಿಕ್ಕಿದ್ದೂ ಆಯಿತು. ಆದರೆ ಅವಳ ಕಾಲೇಜಿನಲ್ಲಿ ಒಂದು ಮೇಜರ್, ಅಂದರೆ ಒಂದು ಮುಖ್ಯ ವಿಷಯ, ಸಾಲದಂತೆ, ಜೋಡಿಗೆ ಇನ್ನೊಂದು ಬೇಕಂತೆ. "ಮಾರ್ಕೆಟ್ ಇರೋದನ್ನ ತೊಗೋ" ಎಂದು ಹೇಳಿ ನನ್ನ ಮಗ ಆಫೀಸಿಗೆ ಹೊರಟುಹೋದ. ಯಾವುದಕ್ಕೆ ಮಾರ್ಕೆಟ್ ಇದೆ? ಒಬ್ಬರು ಫೈನಾನ್ಸ್ ಅಂದರು, ಒಬ್ಬರು ಸೈಕಾಲಜಿ ಅಂದರು, ಮತ್ತೊಬ್ಬರು ಸ್ಟ್ಯಾಟಿಸ್ಟಿಕ್ಸ್ ಅಂದರು. ಸೋಮವಾರದೊಳಗೆ ತಿಳಿಸಬೇಕು, ಒಮ್ಮೆ ತಿಳಿಸಿದ ಮೇಲೆ ಬದಲಿಸುವ ಹಾಗಿಲ್ಲ. ತಪ್ಪಿದರೆ ಬೇಡದ್ದನ್ನು ವರ್ಷಗಟ್ಟಲೆ ಓದಬೇಕಲ್ಲ ಎಂದು ಹುಡುಗಿ ಊಟ ಬಿಟ್ಟು ಕೂತಳು.

"ಇದಕ್ಯಾಕ ಅಳೋದು?" ಎಂದರು ನಾದಿನಿ. "ಓದಿದವ್ರನ್ನ ಮನಿಗೆ ಕರಿಯೂಣು. ಒಬ್ಬೊಬ್ಬರನ್ನ ನೋಡೂಣು."

ಪುಣೆಯಲ್ಲಿ ಹೆಣ್ಣು ನೋಡಲು ಬಂದವರಿಗೆ ಕೊಡುವುದು ಕಾಂದಾ ಪೋಹೆ, ಅಂದರೆ ನಮ್ಮ ಈರುಳ್ಳಿ ಅವಲಕ್ಕಿ. ನಾದಿನಿ ಅದನ್ನೇ ಮಾಡಿಸಿ, ಹಾಲಿನಲ್ಲಿ ಕುರ್ಚಿಗಳನ್ನು ಎದುರುಬದುರು ಇಡಿಸಿದರು. ನಾನು ಶಾಕ್ ಆಗಿ, ಇದೇನು ವಧುಪರೀಕ್ಷೆಯೇ ಎಂದು ಕೇಳಿದೆ. ಹೌದಂತೆ! ಎಕನಾಮಿಕ್ಸ್ ಒಪ್ಪಿಯಾಗಿದೆ, ಅದಕ್ಕೆ ಜೋಡಿ ಹುಡುಕಬೇಡವೇ?

ಶನಿವಾರ ಸೈಕಾಲಜಿ ಓದಿದ ಹುಡುಗಿ ಬಂದಳು. ಮೃದುವಾದ ಮಾತು, ಒಳ್ಳೆಯ ನಗು. ನಾದಿನಿ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಆಕೆಯೇ, "ಆಂಟಿ, ಎಲ್ಲಾರನ್ನೂ ಹಿಂಗ ಪರೀಕ್ಷಾ ಮಾಡೋದು ಯಾವಾಗಿಂದ ಶುರು ಆತ್ರಿ?" ಎಂದಳು. ನಾದಿನಿ ಪೋಹೆ ತರುತ್ತೇನೆಂದು ಅಡುಗೆಮನೆಗೆ ಹೋದವರು ಆ ಹುಡುಗಿ ಗೇಟು ದಾಟುವವರೆಗೂ ಹೊರಗೆ ಬರಲಿಲ್ಲ!

ಭಾನುವಾರ ಬೆಳಿಗ್ಗೆ ಫೈನಾನ್ಸ್. ಕೊಂಢವಾದಲ್ಲಿರುವ ಧಾರವಾಡದ ಕಡೆಯವರ ಮಗ. ನಾದಿನಿ ಫೋನಿನಲ್ಲಿ ಏನು ಹೇಳಿದ್ದರೆಂದರೆ, ನಮ್ಮ ಹುಡುಗಿ ನಿಮ್ಮ ಮಗನನ್ನು ನೋಡಬೇಕಾಗಿದೆ, ಪೋಹೆಗೆ ಬನ್ನಿ! ಪುಣೆಯಲ್ಲಿ ಇಷ್ಟು ಕೇಳಿದ ಮೇಲೆ ಯಾವ ತಾಯಿ ಸುಮ್ಮನಿದ್ದಾಳು? ಇಳಕಲ್ ಸೀರೆಯಲ್ಲಿ ತಾಯಿ, ಪೇಡೆಯ ಡಬ್ಬಿ ಹಿಡಿದ ತಂದೆ, ನಡುವೆ ಇಸ್ತ್ರಿ ಮಾಡಿದ ಮಗ! ಮೊಮ್ಮಗಳು ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದು ಕುಳಿತಳು.

"ಅಡಗಿ ಬರ್ತದೇನವಾ?" ಎಂದರು ಆ ತಾಯಿ.

"ಇವತ್ತ ಕೇಳೋರು ನಾವ್ರಿ," ಎಂದು ನಾದಿನಿ ಹುಡುಗನ ಕಡೆ ತಿರುಗಿದರು. "ತಮ್ಮಾ, ಫೈನಾನ್ಸ್ ತೊಗೊಂಡು ಸುಖಾ ಅದಿಯೇನು? ಖರೇ ಹೇಳು."

ಅವನು ತಾಯಿಯ ಮುಖ ನೋಡಿದ, ಪೋಹೆ ನೋಡಿದ. "ಪಗಾರ ಭಾಳ ಛಲೋ ಅದರಿ. ಆದ್ರ ಭಾನುವಾರ ಸಂಜಿ ಆತಂದ್ರ ನಾಳೆ ಆಫೀಸಿಗೆ ಹೋಗದಿರಲಿಕ್ಕೆ ನೆವಾ ಹುಡಕ್ತೀನ್ರಿ."

ಆ ತಾಯಿಗೆ ಆದ ಶಾಕ್ ಮುಂದೆ ನನ್ನದು ಏನೂ ಅಲ್ಲ. ಮಗ ಹೀಗೆ ಮನಸ್ಸು ಬಿಚ್ಚಿದ್ದು ಅದೇ ಮೊದಲಂತೆ. ವಿಷಯ ತಿಳಿಸಿ, ಕ್ಷಮೆ ಕೇಳಿ, ಬಾಗಿಲವರೆಗೆ ಕಳಿಸಿಕೊಟ್ಟದ್ದು ನಾನು. ಪೇಡೆಯ ಡಬ್ಬಿಯನ್ನು ಆ ಮಹಾನುಭಾವರು ವಾಪಸು ಒಯ್ಯಲಿಲ್ಲ.

ಸಂಜೆ ಸ್ಟ್ಯಾಟಿಸ್ಟಿಕ್ಸ್. ನಡುವಯಸ್ಸಿನ ಹೆಂಗಸು, ಯಾವುದೋ ಕಂಪನಿಯಲ್ಲಿ ಕೆಲಸ. ನಾದಿನಿ ತಮ್ಮ ಹಲ್ಲಿನ ಡಾಕ್ಟರ್ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದರು. ಆಕೆ ಕೇಳಿ, ನಕ್ಕು, ಹೊರಬಂದವರನ್ನು ಕೇಳಿದ್ದು ಸರಿ, ಆದರೆ ನೋವಿಗೆ ಹೆದರಿ ಒಳಗೇ ಹೋಗದೆ ಮನೆಗೆ ತಿರುಗಿದವರನ್ನು ಕೇಳಿದಿರಾ ಎಂದರು. ಕೇಳಿಲ್ಲವೆಂದು ನಾದಿನಿ ಒಪ್ಪಿಕೊಂಡರು. ಆಮೇಲೆ ಶುರುವಾಯಿತು ನೋಡಿ! ಮಾತಿನಲ್ಲಿ ಮಿಕ್ಸರ್ ಬಂತು, ಮಳೆ ಬಂತು, ಪುಣೆಯ ಬಸ್ಸುಗಳು ಬಂದವು. ಒಬ್ಬರು ಒಂದು ವಾದ ಹೂಡಿದರೆ ಇನ್ನೊಬ್ಬರು ಅದನ್ನು ಕತ್ತರಿಸುವುದು. ಮೊಮ್ಮಗಳು ಕುರ್ಚಿಯನ್ನು ಹತ್ತಿರ ಹತ್ತಿರ ಎಳೆದುಕೊಂಡು ನಡುವೆ ಬಾಯಿ ಹಾಕತೊಡಗಿದಳು. ಆಕೆ ಹೋದ ಮೇಲೆ ನೋಡುತ್ತೇನೆ, ಪೋಹೆ ಬಾಣಲೆಯಲ್ಲೇ ತಣ್ಣಗಾಗಿದೆ!

"ಅಜ್ಜೀ, ನಮ್ಮ ಮೂವರಿಗೂ ಪೋಹೆ ನೆನಪಾಗ್ಲಿಲ್ಲ ನೋಡು," ಎಂದಳು ಮೊಮ್ಮಗಳು. "ಸ್ಟ್ಯಾಟಿಸ್ಟಿಕ್ಸ್. ಇದೇ ನನ್ನದು."

ಅಷ್ಟಕ್ಕೆ ಮುಗಿಸಲಿಲ್ಲ. ಆ ಪೋಹೆಯನ್ನೇ ಬಿಸಿ ಮಾಡಿ ತಟ್ಟೆಗೆ ಹಾಕಿ ನಾದಿನಿಯ ಮುಂದಿಟ್ಟು, ಎದುರು ಕುರ್ಚಿಯಲ್ಲಿ ಕೂತಳು. "ಈಗ ನಿಮ್ಮನ್ನ ನೋಡ್ತೀನಿ ದೊಡ್ಡಜ್ಜಿ. ನಿಮಗ ಏನು ಓದೋ ಮನಸಿತ್ತು?"

ನಾನು ನಕ್ಕೆ. ಹೋಮ್ ಸೈನ್ಸ್ ಅಲ್ಲದೆ ಇನ್ನೇನು? ನಾದಿನಿ ನಗಲಿಲ್ಲ. ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಯಾವುದೋ ಬೀಗರ ಮುಂದೆ ಕೂತ ಹುಡುಗಿಯ ಹಾಗೆ, "ಗಣಿತ" ಎಂದರು.

ಗಣಿತ! ಗಣಿತ ಓದಿದವಳನ್ನು ಯಾರೂ ಕೇಳುವುದಿಲ್ಲ, ಹೋಮ್ ಸೈನ್ಸ್ ಅಂದರೆ ವರಗಳು ಸಾಲುಗಟ್ಟುತ್ತವೆ ಎಂದು ನಮ್ಮ ಮಾವನವರು ಅದಕ್ಕೇ ಸೇರಿಸಿದರಂತೆ. ಆಗಿನ ಮಾರ್ಕೆಟ್ ಅದು. ವರಗಳೇನೋ ಬಂದವು, ಪೋಹೆ ತಿಂದವು, ಹೋದವು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಇದು ಗೊತ್ತೇ ಇರಲಿಲ್ಲ.

ನಾದಿನಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೊಮ್ಮಗಳ ಕೈ ಹಿಡಿದುಕೊಂಡರು.

"ಸ್ಟ್ಯಾಟಿಸ್ಟಿಕ್ಸ್ ಕ್ಲಾಸು ಮುಗಿಸಿ ಬಂದ ಮ್ಯಾಲ ಏನು ಕಲಿಸಿದ್ರು ಅಂತ ನನಗ ಹೇಳವಾ. ಏನೂ ಬಿಡಬ್ಯಾಡ. ಸಾವಕಾಶ ಹೇಳು, ನನಗೇನು ಅವಸರಿಲ್ಲ."